ಕನ್ನಡಿ ಕೂರಿಸಿದ ಚಾವಣಿ

ಡಿಸೆಂಬರ್ 11, ಬೆಳಿಗ್ಗೆ

ಪೂಜೆ ಆಯಿತು. ಅಂಗಳದಲ್ಲಿ ಹಕ್ಕಿಗೆ ಕಾಳಿಡುವ ಚಬೂತರೊ ಕಂಬದ ಮೇಲಿನ ತಟ್ಟೆಗೆ ಸಜ್ಜೆ ಸುರಿದೆ. ಬೆಳವಗಳು ತಿಂದವು, ಆಮೇಲೆ ನಾನು ರೊಟ್ಟಿ ಮುರಿದೆ. ಚಬೂತರೊ ಮೇಲೆ ಹಕ್ಕಿ ತಿನ್ನದೆ ನಾನು ತಿನ್ನುವುದಿಲ್ಲ. ಅತ್ತೆ ಕೊಟ್ಟು ಹೋದ ನೇಮ.

ತಟ್ಟೆಯ ಮೇಲಿನ ಹಳೇ ಚಾವಣಿ ಮಳೆಗೆ ಕೊಳೆತು ಬಿತ್ತು. ಇವರು ಹೊಸದು ಮಾಡುತ್ತಿದ್ದಾರೆ. ತೇಗ. ಅಂಚಿಗೆಲ್ಲ ನವಿಲು, ಗಿಳಿ. ಇವರ ಕಣ್ಣಿನ ನರ ಒಣಗಿದೆಯೆಂದು ಅಹಮದಾಬಾದಿನ ಡಾಕ್ಟರು ಕೈಚೆಲ್ಲಿದ ಮೇಲೆ ಬೆರಳಲ್ಲೇ ನೋಡಿ ಕೆತ್ತುವುದು. ಧನುರ್ಮಾಸ ಹಿಡಿಯುವ ಮುಂಚೆ ಏರಿಸಬೇಕು. ಹಿಡಿದರೆ ಉತ್ತರಾಯಣದ ಹಬ್ಬದವರೆಗೆ ಉಳಿ ಮುಟ್ಟುವಂತಿಲ್ಲ.

ಡಿಸೆಂಬರ್ 14

ಏರಿಸಿದರು. ನನ್ನ ಮದುವೆಯ ಕಸೂತಿ ತೋರಣದಿಂದ ಕನ್ನಡಿ ಬಿಲ್ಲೆ ಬಿಚ್ಚಿ ಚಾವಣಿಗೆ ಕೂರಿಸಿದ್ದಾರೆ. ಹೊರಗೂ, ಒಳಗೂ. ಕೇಳಲೂ ಇಲ್ಲ.

ಪಕ್ಕದ ಮನೆ ಪೂರಿಕಾಕಿ ಬಂದು ನೋಡಿದರು. "ಏನೋ ಮಿಸ್ತ್ರಿ, ಹಕ್ಕಿಗೆ ಊಟ ಹಾಕ್ತೀಯೋ, ಮದುವೆ ಮಾಡ್ತೀಯೋ?"

"ಮದುವೇನೇ ಕಾಕಿ. ಬನ್ನಿ, ಹಲ್ಲಿಲ್ದಿದ್ರೂ ಲಾಡು ಹಾಕ್ತೀವಿ."

ಕಾಕಿ ಹೋದ ಮೇಲೆ ನನಗೆ ಹೇಳಿದರು: "ಬಿಸಿಲಿಗೆ ಅದೊಂದು ಮಿಂಚೋದು ಕಾಣ್ತದೆ ಕಣೇ. ಓ, ನಾನು ಮಾಡಿದ್ದು ಅಲ್ಲಿದೆ ಅಂತ ಗೊತ್ತಾಗ್ತದೆ."

ನಾನು ತೋರಣದ ಮಾತು ಎತ್ತಲಿಲ್ಲ.

ಡಿಸೆಂಬರ್ 15

ಒಂದು ಹಕ್ಕಿಯೂ ತಟ್ಟೆಗಿಳಿಯಲಿಲ್ಲ. ಹತ್ತಿರ ಬಂದವು, ಬೆಚ್ಚಿ ತಿರುಗಿದವು. ಹೊಲದಲ್ಲಿ ಹಕ್ಕಿ ಓಡಿಸಲು ನಾವೇ ಕನ್ನಡಿ ಚೂರು ಕಟ್ಟುತ್ತೇವೆ... ಇಬ್ಬರಿಗೂ ನೆನಪಾಗಲಿಲ್ಲ.

ಚಹಾ ಮಾತ್ರ ಕುಡಿದೆ.

ಡಿಸೆಂಬರ್ 16

ಧನುರ್ಮಾಸ ಹಿಡಿಯಿತು. ಹಕ್ಕಿ ಬರಲಿಲ್ಲ.

ಪೂರಿಕಾಕಿ: "ಅಂಗಳಕ್ಕೆ ಎಸೀ, ತಿಂತಾವೆ. ನೀನೂ ತಿನ್ನು. ನಿಮ್ಮತ್ತೆ ಏನು ಮೇಲಿಂದ ಇಣುಕ್ತಾಳಾ?"

"ದೇವರು ಇಣುಕ್ತಾನೆ ಕಾಕಿ."

ಕನ್ನಡಿ ತೆಗೆಯಿರಿ ಎಂದು ಇವರಿಗೆ ಹೇಗೆ ಹೇಳುವುದು.

ಡಿಸೆಂಬರ್ 18

ಇವರು ಅಂಗಳದಿಂದ ಬಂದರು. "ಏಳು, ರೊಟ್ಟಿ ತಿನ್ನು. ಬೆಳವ ಬಂದಿತ್ತು, ಕಾಳು ತಿಂತು. ಕಣ್ಣಾರೆ ನೋಡ್ದೆ."

ಎದುರಿಗೆ ನಿಂತ ನನ್ನ ಮುಖ ಕಾಣದವರು.

"ಯಾವ ಕಡೆ ಕೂತಿತ್ತು?"

"ತಿನ್ನು ಅಂದ್ನಲ್ಲ!"

ತಿಂದೆ. ತಿನ್ನದಿದ್ದರೆ ಇವರು ಸುಳ್ಳು ಹೇಳಿದಂತಾಗುತ್ತಿತ್ತು. ನೇಮ ಮುರಿಯಿತು. ಸಂಜೆ ದೀಪ ಹಚ್ಚಲು ಕೈ ಬರಲಿಲ್ಲ. ಇವರು ಬಂದು ಹಚ್ಚಿದರು.

ಡಿಸೆಂಬರ್ 19, ಬೆಳಿಗ್ಗೆ

ಎದ್ದು ನೋಡಿದರೆ ಇವರು ಏಣಿಯ ಮೇಲೆ. ಕೈಯಲ್ಲಿ ಉಳಿ. ಹೋಗಿ ಏಣಿ ಹಿಡಿದುಕೊಂಡೆ.

ಪೂರಿಕಾಕಿ ಗೋಡೆಯಾಚೆಯಿಂದ ಕೂಗಿದರು. "ಧನುರ್ಮಾಸದಲ್ಲಿ ಉಳಿ ಹಿಡೀತೀಯೇನೋ, ಪಾಪಿ!"

"ಪಾಪ ನನ್ನ ತಲೆಗಿರ್ಲಿ ಕಾಕಿ. ಕನ್ನಡಿ ಕೂರ್ಸಿದ್ದು ನಾನು, ಉಪವಾಸ ಇವಳ ಹೊಟ್ಟೆಗ್ಯಾಕೆ?"

ಬಿಲ್ಲೆಗಳನ್ನೆಲ್ಲ ಕಿತ್ತರು. ಬೆರಳು ಕೊಯ್ದುಕೊಂಡರು. ಇಳಿದು ತಲೆಯೆತ್ತಿ ನೋಡಿದರು — ಚಾವಣಿಯ ಕಡೆಗಲ್ಲ, ಬೇವಿನ ಮರದ ಕಡೆಗೆ. ಗಲ್ಲ ಹಿಡಿದು ತಿರುಗಿಸಿದೆ.

ಅದೇ ದಿನ, ಹತ್ತು ಗಂಟೆ

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಪಕ್ಕದಲ್ಲಿ, ಬೆರಳಿಗೆ ಬಟ್ಟೆ.

"ಬಂತೇನೇ?"

"ಇಲ್ಲ."

"ಈಗ?"

"ಇಲ್ಲ ಅಂದ್ನಲ್ಲ. ಸುಮ್ನಿರಿ."

ಬೆಳವ ಒಂದು ಇಳಿಯಿತು. ತಟ್ಟೆಯ ಅಂಚಿಗೆ. ಇವರಿಗೆ ಹೇಳಿಲ್ಲ, ಕೂಗಿಬಿಡುತ್ತಾರೆ. ಚಾವಣಿಯ ಕೆಳಗೆ ಕತ್ತು ಹಾಕಿತು. ಒಂದು ಹೆಜ್ಜೆ. ಇನ್ನೊಂದು. ಕಾಳಿಗೆ ಕೊಕ್ಕು ಹಾಕಿ—