ನೀರು ಇಳಿಯುವವರೆಗೆ

ಹೆಮ್ಮಿಗೆ
ಸಾಧಾರಣ ಸಂವತ್ಸರದ ಶ್ರಾವಣ ಬಹುಳ ತದಿಗೆ, ಮಂಗಳವಾರ

ಚಿ॥ ಸೌ॥ ಸಾಕಮ್ಮನಿಗೆ ನಿನ್ನ ತಾಯಿ ಮುದ್ದಮ್ಮ ತಲೆ ಸವರಿ ಮಾಡುವ ಆಶೀರ್ವಾದ. ಹೆಮ್ಮರಗಾಲದಲ್ಲಿ ನೀವೆಲ್ಲ ಸುಖವಾಗಿರಲಿ ಎಂದು ನಂಜುಂಡೇಶ್ವರನಿಗೆ ಕೈಮುಗಿದು ಬರೆಯಲು ಕೂತಿದ್ದೇನೆ. ಇಲ್ಲಿ ನಾವು ಹೊತ್ತಿಗೆ ಉಂಡು ಮಲಗುತ್ತಿದ್ದೇವೆ.

ಈ ಕಾಗದವನ್ನು ನೀನು ಗಂಡನ ಬಾಯಲ್ಲಿ ಕೇಳುತ್ತಿರುತ್ತೀಯ. ನಮ್ಮಪ್ಪ ನರಸೀಪುರದಲ್ಲಿ ಅಂಗಡಿ ಇಟ್ಟಿದ್ದಾಗ ಮರಳಿನ ಮೇಲೆ ಬೆರಳು ಹಿಡಿದು ನನಗೆ ನಾಲ್ಕಕ್ಷರ ಕಲಿಸಿದ್ದ. ಅದನ್ನೇ ನಿನಗೆ ಕಲಿಸಲು ಕೂತರೆ ನೀನು ಹುಣಿಸೆಮರ ಹತ್ತಿಬಿಡುತ್ತಿದ್ದೆ. ಈಗ ನೋಡು, ತಾಯಿ ಮಗಳ ಮಾತಿಗೆ ನಡುವೆ ಅಳಿಯಂದಿರು ಕೂತು ಗಂಟಲು ಒಣಗಿಸಿಕೊಳ್ಳಬೇಕು. ಅವರು ಎಲ್ಲಾದರೂ ತಡವರಿಸಿದರೆ, ಓದುತ್ತಾ ಸುಮ್ಮನಾದರೆ ರೇಗಬೇಡ. ನನ್ನ ಅಕ್ಷರವೇ ಹಾಗಿದೆ.

ತಮ್ಮನ ಮದುವೆ ಯಾವಾಗ, ನನ್ನನ್ನು ಕರೆಯಲು ಗಾಡಿ ಏಕೆ ಬಂದಿಲ್ಲ ಎಂದು ಬರೆಸಿ ಕೇಳಿದ್ದೀಯ. ಹೊಳೆ ಇಳಿದಿಲ್ಲ ಮಗಳೆ. ಹೆಣ್ಣಿನವರು ತಲಕಾಡಿನಲ್ಲಿ, ನಾವು ಈಚೆ ದಡದಲ್ಲಿ, ನಡುವೆ ಕಾವೇರಿ ದಡ ಮುಟ್ಟಿ ಹೋಗುತ್ತಿದ್ದಾಳೆ. ನಮ್ಮೂರಲ್ಲಿ ಒಂದು ಹನಿ ಬಿದ್ದಿಲ್ಲ ಎಂದರೆ ನಂಬುತ್ತೀಯಾ? ಅಂಗಳದಲ್ಲಿ ಹಪ್ಪಳ ಒಣಗಿಸುವಂಥ ಬಿಸಿಲು. ಮಳೆ ಹೊಡೆಯುವುದು ಎಲ್ಲೋ ಕೊಡಗಿನಲ್ಲಿ, ವೈನಾಡಿನಲ್ಲಿ. ಕಾವೇರಿ ಇಳಿದಳು ಎಂದು ಉಸಿರು ಬಿಡುವಷ್ಟರಲ್ಲಿ ನಿಮ್ಮ ಕಡೆಯ ಕಪಿಲೆ ಏರಿಕೊಂಡು ಬಂದು ನರಸೀಪುರದಲ್ಲಿ ಇವಳನ್ನು ಸೇರುತ್ತಾಳೆ. ನಮ್ಮ ತಲೆಯ ಮೇಲಿನ ಆಕಾಶ ನೋಡಿ ನಮ್ಮ ಹೊಳೆಯನ್ನು ಹೇಳಲಾಗುವುದಿಲ್ಲ.

ಅದಕ್ಕೇ ನಿಮ್ಮಪ್ಪ ಅಳಿಯಂದಿರಿಗೆ ಬರೆಸಿ, ನಂಜನಗೂಡಿನ ಸ್ನಾನಘಟ್ಟದಲ್ಲಿ ಕಪಿಲೆ ಎಲ್ಲಿಯವರೆಗೆ ಇದ್ದಾಳೆ ನೋಡಿ ತಿಳಿಸಿ ಎಂದಿದ್ದು. ನೀರು ಇಳಿದು ಮೆಟ್ಟಿಲು ಕಾಣುತ್ತಿವೆ ಎಂದು ಅವರ ಉತ್ತರ ಬಂತು. ಮನೆಯಲ್ಲಿ ಎಲ್ಲರೂ ಕುಣಿದರು. ನಾನು ಮಾತ್ರ ಅರಿಸಿನಕ್ಕೆ ಕೈ ಹಚ್ಚಬೇಡಿ ಎಂದು ಪಟ್ಟು ಹಿಡಿದೆ. ನಿನಗೇ ಗೊತ್ತಲ್ಲ, ಮದುವೆ ಗಂಡಿನ ಮೈಗೆ ಒಮ್ಮೆ ಅರಿಸಿನ ಮುಟ್ಟಿತೆಂದರೆ ಲಗ್ನ ಮುಂದಕ್ಕೆ ಹಾಕುವಂತಿಲ್ಲ, ಹೊಳೆ ಹೇಗಿದ್ದರೂ ಹೊರಡಲೇಬೇಕು. ಹೊಳೆ ಇಳಿಯಲಿ, ಆಮೇಲೆ ಅರಿಸಿನ ಅರೆಯೋಣ ಎಂದೆ. ನಿನ್ನ ತಮ್ಮ ಮಹದೇವನೂ ಸರಿಯವ್ವ ಎಂದ. ಅವನು ಎಂದೂ ನನ್ನ ಮಾತು ಮೀರಿದವನಲ್ಲ.

ದಾಟುವುದು ಹೇಗೆ ಎಂದು ದಿನವೂ ಪಂಚಾಯಿತಿ ನಡೆಯುತ್ತಿದೆ. ನಿಮ್ಮಪ್ಪ ನೀರಿನ ಅಂಚಿಗೆ ಗೂಟ ಹೊಡೆದಿದ್ದಾರೆ. ಬೆಳಗಾದರೆ ಹೋಗಿ ನೋಡುವುದು, ಮಧ್ಯಾಹ್ನ ಹೋಗಿ ನೋಡುವುದು, ಬಂದು ಜಗಲಿಯಲ್ಲಿ ಕೂರುವುದು. ನೀರು ಗೂಟ ಬಿಟ್ಟು ಕೆಳಗಿಳಿದರೂ ಒಂದು ದಿನ ಕಾಯುವುದು ಎಂದು ತೀರ್ಮಾನವಾಗಿದೆ. ಕಸಕಡ್ಡಿ ತೇಲುವುದು ನಿಂತು, ನೀರಿನ ಕೆಂಪು ತಿಳಿಯಾಗಬೇಕು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಮೇಲಿನ ಕಡವಿನಿಂದ ಹರಿಗೋಲು ಬಿಟ್ಟರೆ ಹರಿವೇ ನಮ್ಮನ್ನು ತಲಕಾಡಿನ ಮರಳಿಗೆ ತಂದು ಬಿಡುತ್ತದೆ. ಮನೆಯ ಗಂಡಸರೆಲ್ಲ ಒಂದೇ ಹರಿಗೋಲಿನಲ್ಲಿ ಕೂರಕೂಡದು ಎಂದು ನಾನು ಹೇಳಿದ್ದೇನೆ. ಈ ಸಲ ಮೊದಲನೆಯ ಹರಿಗೋಲಿನಲ್ಲಿ ನಾನೇ ಕೂರುತ್ತೇನೆ. ಹೆಂಗಸರು ಹಿಂದಿನಿಂದ ಬರಲಿ ಎಂದರೆ ಕೇಳುವವಳಲ್ಲ ನಾನು.

ಅಂಬಿಗರ ಚಿಕ್ಕಮಾದು ಹೊಸ ಹರಿಗೋಲು ಹೆಣೆಯುತ್ತಿದ್ದಾನೆ. ಬಿದಿರು ಹೆಣೆದು ಮುಗಿದಿದೆ, ಚರ್ಮ ಹೊದಿಸುವುದೊಂದು ಬಾಕಿ. ನಿನ್ನೆ ಹೋಗಿ ಯಾವಾಗ ದಾಟಿಸುತ್ತೀಯಪ್ಪ ಎಂದು ಕೇಳಿದೆ. ಮುಖ ಎತ್ತಿ ನನ್ನನ್ನು ನೋಡಲಿಲ್ಲ.

“ನೀರು ಇಳೀಲಿ ಕಣವ್ವ. ಅಲ್ಲೀಗಂಟ ಯಾರನ್ನೂ ಕೂರಿಸ್ಕಳಾಕಿಲ್ಲ,” ಅಂದ.

ನಿನ್ನ ಸೋದರಮಾವ ಬಸವಯ್ಯ ಮುಂಚೆಯೇ ಹೋಗಿ ತಲಕಾಡಿನಲ್ಲಿ ಸಿಕ್ಕಿಕೊಂಡಿದ್ದಾನೆ. ಅವನೂ ಬರುವಂತಿಲ್ಲ, ನಾವೂ ಹೋಗುವಂತಿಲ್ಲ. ತೆಗೆದುಕೊಂಡು ಹೋಗುವುದನ್ನೆಲ್ಲ ಒಂದು ಬುಟ್ಟಿಗೆ ಹಾಕಿಟ್ಟಿದ್ದೇನೆ. ಮಹದೇವನಿಗೆ ಹೊಸ ಪಂಚೆ, ಅವನಿಗೆ ಇಷ್ಟವೆಂದು ಎಳ್ಳುಂಡೆ. ತುಪ್ಪ ಕಾಯಿಸಿ ಇಟ್ಟಿದ್ದೇನೆ, ಹಾಲು ಮಾತ್ರ ಹೊರಡುವ ಬೆಳಿಗ್ಗೆ ಕರೆಯಬೇಕು. ಎಳ್ಳುಂಡೆಗೆ ಇರುವೆ ಮುತ್ತಿ ಒಮ್ಮೆ ಚೆಲ್ಲಿ, ಮತ್ತೆ ಕಟ್ಟಿದೆ.

ಇನ್ನೊಂದು ಹೇಳಬೇಕು, ನಗಬೇಡ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ದಡದಿಂದ ಯಾರೋ ಹರಿಗೋಲಿಗಾಗಿ ಕೂಗಿದ ಹಾಗೆ ನನಗೆ ಕೇಳುತ್ತದೆ. ಈ ಪ್ರವಾಹದ ಸದ್ದಿನಲ್ಲಿ ಆ ದಡದ ಕೂಗು ಇಲ್ಲಿಗೆ ಮುಟ್ಟುವುದುಂಟೆ ಎಂದು ನಿಮ್ಮಪ್ಪ ಹೇಳುತ್ತಾರೆ. ಅದು ನಿಜವೇ. ಆದರೂ ದೀಪವನ್ನು ಅಲ್ಲೇ ಬಿಟ್ಟು ಹೊಳೆಗೆ ಹೋಗುತ್ತೇನೆ. ಅಲ್ಲಿ ನಿಂತರೆ ಕೂಗು ಇರುವುದಿಲ್ಲ. ಮನೆಗೆ ಬಂದರೆ ಮತ್ತೆ ಶುರು. ಮೊನ್ನೆ ನಾನೂ ತಿರುಗಿ ಕೂಗಿದೆ. ನೆರೆಯವರು ಓಡಿ ಬಂದು ನನ್ನನ್ನು ಕರೆದುಕೊಂಡು ಹೋದರು. ನಿಮ್ಮವ್ವನಿಗೆ ವಯಸ್ಸಾಯಿತು, ಅಷ್ಟೇ.

ಈಗ ಕೋಪ ಮಾಡಿಕೊಳ್ಳದೆ ಒಂದು ಮಾತು ಕೇಳು. ನೀನು ಮದುವೆಗೆ ಬರಬೇಡ. ಬಾಣಂತನಕ್ಕೂ ಇಲ್ಲಿಗೆ ಬರಬೇಡ. ಚೊಚ್ಚಲು ಹೆರಿಗೆಗೆ ತೌರಿಗೆ ಕರೆಯದ ತಾಯಿ ಎಂಥವಳು ಎಂದು ನಿಮ್ಮತ್ತೆ ಅಂದರೆ ಅನ್ನಲಿ, ಆ ಮಾತು ನನಗಿರಲಿ. ಹೋದ ವರ್ಷ ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ನೀನು ಗಾಡಿಯಲ್ಲಿ ಎದೆ ಬಡಿದುಕೊಂಡು ಬಂದೆ. ಹೊಟ್ಟೆಯಲ್ಲಿದ್ದುದನ್ನು ನಮ್ಮ ಹಿತ್ತಿಲಲ್ಲಿ ಹೂಳಿ ಹೋದೆ. ಅದನ್ನು ಮತ್ತೆ ನೋಡುವ ಶಕ್ತಿ ನನಗಿಲ್ಲ. ಇಲ್ಲಿ ಹೊಳೆಯ ಥಂಡಿಗೆ ಬಾಣಂತಿ ಕೋಣೆಯ ಗೋಡೆ ಬೆವರುತ್ತಿದೆ. ದಿನ ತುಂಬುವ ಮುಂಚೆ ನಾನೇ ಹೆಮ್ಮರಗಾಲಕ್ಕೆ ಬಂದು ನಿನಗೆ ನೀರು ಹಾಕುತ್ತೇನೆ. ತಮ್ಮನ ಮದುವೆ ತಪ್ಪಿತು ಎಂದು ಅಳಬೇಡ. ನಿನ್ನ ಕೂಸನ್ನು ನೋಡುವ ಆಸೆ ಅವನಿಗೆ ಬಹಳ ಇತ್ತು. ಇದೆ. ತೊಟ್ಟಿಲಿಗೆ ಹಗ್ಗ ಹೊಸೆದು ಇಟ್ಟಿದ್ದಾನೆ. ಬರುವಾಗ ಅದನ್ನು ತರುತ್ತೇನೆ.

ಹೊಟ್ಟೆ ತುಂಬ ಉಣ್ಣು. ಭಾರ ಎತ್ತಬೇಡ. ಕಪಿಲೆಯ ಹತ್ತಿರಕ್ಕೆ ಹೋಗಬೇಡ. ನೀರಿನ ಅಂಚಿಗಂತೂ ಹೋಗಲೇಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಕಾಯುತ್ತಿರುವ
ನಿಮ್ಮವ್ವ
ಮುದ್ದಮ್ಮ

ಅಳಿಯಂದಿರಾದ ಚಿ॥ ನಿಂಗರಾಜನವರೆ, ಇಲ್ಲಿಂದ ಮುಂದಿನದನ್ನು ಬಾಯಿಬಿಟ್ಟು ಓದಬೇಡಿ. ಇನ್ನೇನು ಬರೆದಿದೆ ಎಂದು ಸಾಕಮ್ಮ ಕೇಳಿದರೆ ನಿಮ್ಮ ತಾಯಿಗೆ ನಮಸ್ಕಾರ ತಿಳಿಸಿದ್ದಾರೆ ಎನ್ನಿ. ನಿಮ್ಮ ಮುಖ ಅವಳಿಗೆ ಕಾಣದ ಹಾಗೆ ಎದ್ದು ಹೊರಗೆ ಹೋಗಿ ಓದಿ.

ಮಹದೇವ ಇಲ್ಲ. ಹೋದ ಗುರುವಾರ ಹೊಳೆಯಲ್ಲಿ ಹೋದ.

ನಾನು ಪಟ್ಟು ಹಿಡಿದೆ ಎಂದು ಮೇಲೆ ಬರೆದೆ. ಹಿಡಿಯಲಿಲ್ಲ. ನಿಮ್ಮ ಉತ್ತರ ಬಂದ ದಿನವೇ ಅರಿಸಿನ ಅರೆದು ಅವನ ಕೆನ್ನೆಗೆ ಮೊದಲು ಹಚ್ಚಿದವಳು ನಾನು. ಮಾರನೆಯ ಬೆಳಿಗ್ಗೆ ನೀರು ಸ್ವಲ್ಪ ಕೆಂಪಾಗಿತ್ತು. ಚಿಕ್ಕಮಾದು ಅನುಮಾನಿಸಿದ. ಮೈಮೇಲೆ ಅರಿಸಿನ ಇರುವಾಗ ನಿಲ್ಲುವುದು ಹೇಗೆ ಎಂದು ಹಿರಿಯರೆಲ್ಲ ಹೇಳಿದರು, ಕೊನೆಗೆ ಚಿಕ್ಕಮಾದುವೂ ಹೂಂ ಅಂದ. ಮೊದಲನೆಯ ಹರಿಗೋಲಿನಲ್ಲಿ ಮಹದೇವ, ಬಸವಯ್ಯ, ಇನ್ನೂ ಕೆಲವು ಗಂಡಸರು; ಹುಟ್ಟು ಹಾಕುತ್ತಿದ್ದವನು ಚಿಕ್ಕಮಾದು. ನಾವು ಎರಡನೆಯದಕ್ಕೆ ಕಾಯುತ್ತಾ ದಡದಲ್ಲಿದ್ದೆವು. ನಡುಹೊಳೆಗೆ ಹೋಗುವಾಗ ಮೇಲಿನಿಂದ ನೀರು ಒಮ್ಮೆಗೇ ಬಂತು. ಹರಿಗೋಲು ಬಂಡೆಗೆ ಹೊಡೆದು ಮಗುಚಿತು. ಮಹದೇವ ಬಸವಯ್ಯನನ್ನು ತಳ್ಳಿ ಬಂಡೆ ಹತ್ತಿಸಿದ್ದು ನನ್ನ ಕಣ್ಣಿಗೆ ಕಂಡಿತು. ಆಮೇಲೆ ಅವನು ಕಾಣಲಿಲ್ಲ. ಮಿಕ್ಕವರೆಲ್ಲ ಆ ದಡ ಸೇರಿದರು.

ತಲಕಾಡಿನ ಮರಳಿನಲ್ಲಿ ಮಾರನೆಯ ದಿನ ಸಿಕ್ಕಿದನಂತೆ. ಚಿಕ್ಕಮಾದು ಒಬ್ಬನೇ ಯಾರದೋ ಸಣ್ಣ ಹರಿಗೋಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಬಂದು ಹೇಳಿದ. ಹೆಣವನ್ನು ಈ ದಡಕ್ಕೆ ತರುವ ಹಾಗಿರಲಿಲ್ಲ. ಬೀಗರಾಗಬೇಕಿದ್ದವರೇ ಅಲ್ಲಿ ಮಣ್ಣು ಮಾಡಿದರು. ಹೆತ್ತವರು ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಅವನನ್ನು ಹೂತ ಮಣ್ಣಿಗೆ ಹಾಲುತುಪ್ಪ ಬಿಡಲು ಹೋಗಬೇಕೆಂದು ಕಾಯುತ್ತಿದ್ದೇವೆ. ಗೂಟ ಹೊಡೆದದ್ದು, ಬುಟ್ಟಿ ಕಟ್ಟಿದ್ದು, ನಾನು ಮುಂದೆ ಕೂರುತ್ತೇನೆ ಎಂದದ್ದು ಎಲ್ಲವೂ ನಿಜ.

ನಿಮ್ಮ ಕಾಗದವನ್ನು ನೆನೆದು ಕೊರಗಬೇಡಿ. ನೀವು ಕಂಡದ್ದನ್ನೇ ಬರೆದಿರಿ. ಟಪಾಲಿನವನು ನಡೆದು ಬಂದ, ಆಮೇಲೆ ಏರಿದ ಕಪಿಲೆ ಓಡಿ ಬಂದಳು. ಹೊಳೆಯನ್ನು ಬೈಯುತ್ತೇನೆ, ಅರಿಸಿನ ಹಚ್ಚಿದ ನನ್ನ ಕೈಯನ್ನು ಬೈಯುತ್ತೇನೆ, ನಿಮ್ಮನ್ನಲ್ಲ.

ಆಳು ಕಳಿಸಿ ಸುದ್ದಿ ಮುಟ್ಟಿಸಲಿಲ್ಲ. ಓಡಿ ಬಂದವನ ಮುಖ ನೋಡಿದರೆ ಅವಳಿಗೆ ತಿಳಿದುಹೋಗುತ್ತದೆ. ಹೆರಿಗೆಯಾಗಿ ಕೂಸು ಅವಳ ಮಗ್ಗುಲಿಗೆ ಬರುವವರೆಗೂ ಹೊಳೆ ಇಳಿದಿಲ್ಲ ಎಂದೇ ಬರೆಯುತ್ತಿರುತ್ತೇನೆ. ನೀವು ಹಾಗೆಯೇ ಓದುತ್ತಿರಿ. ನಿಮ್ಮ ಮೇಲೆ ಎಂಥ ಭಾರ ಹೊರಿಸುತ್ತಿದ್ದೇನೆ ಎಂದು ಬಲ್ಲೆ. ನಿಜ ಹೇಳಿದರೆ, ಅವಳಿಗಾಗಿ ಮಾತ್ರ ಬರೆಯುತ್ತಿಲ್ಲ. ಬರೆಯುವಷ್ಟು ಹೊತ್ತು ನನ್ನ ಮಗ ಈ ದಡದಲ್ಲೇ ಇರುತ್ತಾನೆ.

ತಮ್ಮನಿಗೆ ಹೇಳಿ ಎಂದು ಅವಳು ಏನಾದರೂ ಬರೆಸಿದರೆ ಅವಳ ಮಾತಿನಲ್ಲೇ ಬರೆದು ಕಳಿಸಿ. ದಾಟಿದ ದಿನ ಅವನ ಹತ್ತಿರ ಕೂತು ಓದಿ ಹೇಳುತ್ತೇನೆ.