ಪಂಚಮಿಗೆ ಕೊಟ್ಟ ಉಗುರು

ನೆಲ ಬಿಟ್ಟ ವರ್ಷ ಅರವತ್ತೆರಡು, ಶ್ರಾವಣ. ನಿನ್ನ ಲೆಕ್ಕದಲ್ಲಿ ಇನ್ನೂರು ವರ್ಷ ಆಚೆ.

ಹುಲಿಗೆಮ್ಮಜ್ಜಿ,

ನಾನು ನಿನ್ನ ಮಗನ ವಂಶದವಳು. ಹೆಸರು ಶಂಕ್ರಮ್ಮ, ನಿನ್ನ ಮಗಳದೇ ಹೆಸರು. ನನ್ನ ಪದಗಳು ವಿಚಿತ್ರ ಎನಿಸಿದರೆ ಮನ್ನಿಸು. ಅವು ನಿನ್ನ ಓಣಿಯ ದುಃಖದಿಂದ ಹುಟ್ಟಿದವು.

ನಾವು ಇಂದಿಗೂ ಬಿಳಿದಿಬ್ಬದ ಓಣಿಯಲ್ಲೇ ಇದ್ದೇವೆ. ಗಣಿಯವರು ಚಿನ್ನ ತೆಗೆದುಕೊಂಡು ಸುರಿದುಹೋದ ಆ ಪುಡಿಮಣ್ಣಿನ ದಿಬ್ಬ ಗಾಳಿಗೆ ಕರಗಿ ಅಂಗಳಗಳಿಗೆಲ್ಲ ಹರಡಿದೆ. ಆ ಮಣ್ಣು ವಿಷವೆಂದು ನಾವು ನೆಲ ಬಿಟ್ಟು ಅರವತ್ತೆರಡು ವರ್ಷ; ಮಕ್ಕಳು ಹಲಗೆಗಳ ಮೇಲೆಯೇ ನಡೆದು ಬೆಳೆಯುತ್ತಾರೆ. ಬರಿಗಾಲಲ್ಲಿ ಮಣ್ಣು ಮುಟ್ಟುವ ಅನುಮತಿಗೆ ‘ನೆಲಬಿಡುವು’ ಎನ್ನುತ್ತೇವೆ. ನನಗೆ ಹತ್ತೊಂಬತ್ತಾದರೂ ಸಿಕ್ಕಿಲ್ಲ. ಪಂಚಮಿಯ ನಾಗಪ್ಪನನ್ನು ಹುತ್ತದ ಮಣ್ಣಿನಲ್ಲಲ್ಲ, ಜೋಳದ ಹಿಟ್ಟಿನಲ್ಲಿ ಮಾಡುತ್ತೇವೆ. ತಿಂಗಳಿಗೊಮ್ಮೆ ‘ಉಗುರೋದು’ ಇರುತ್ತದೆ: ಎಲ್ಲರೂ ಕಟ್ಟೆಗೆ ಬಂದು ಉಗುರು ಕೊಡುತ್ತೇವೆ, ಯಾರ ಮೈಗೆ ಎಷ್ಟು ಆರ್ಸೆನಿಕ್ ವಿಷ ಸೇರಿದೆ ಎಂದು ಎಲ್ಲರೆದುರೇ ಹೇಳುತ್ತಾರೆ.

ನಿನ್ನ ಓಣಿಗೆ ವಿಷದ ಪರೀಕ್ಷೆಗೆಂದು ಉಗುರು ಕೇಳುವವರು ಈ ಪಂಚಮಿಗೆ ಬರುತ್ತಾರೆ. ಪರರ ಕೈಗೆ ಉಗುರು ಸಿಕ್ಕರೆ ಮಾಟವಾದೀತೆಂದು ಅದನ್ನು ಹೂಳುವವರು ನೀವು. ಬಂದವರಿಗೆ ಒಲ್ಲೆ ಎನ್ನಲೂ ಸಂಕೋಚ. ಆಗ ಹಬ್ಬಕ್ಕೆ ತವರಿಗೆ ಬಂದ ನಿನ್ನ ನಾದಿನಿ ಅಂಬಮ್ಮ ನಗುತ್ತಾಳೆ: “ಅತ್ತಿಗಿ, ನನ್ನ ಗಂಡನ್ನ ಕಟಗೊಂಡೀನಿ, ಅದಕ್ಕಿಂತ ದೊಡ್ಡ ಮಾಟ ಯಾವುದೈತಿ? ತಗೋ, ನನ್ನ ಉಗುರೇ ಕೊಡು.”

ನೀನೂ ನಗುತ್ತೀ. ಮನೆಮನೆಯಿಂದಲೂ ಹಬ್ಬಕ್ಕೆ ಬಂದ ಹೆಣ್ಣುಮಕ್ಕಳ ಉಗುರೇ ಹೋಗುತ್ತದೆ. ಬೇರೆ ಊರಿನ ಮಣ್ಣು ತುಳಿದವರ ಉಗುರಿನಲ್ಲಿ ನಿಮ್ಮ ವಿಷ ಹೇಗೆ ಕಂಡೀತು? ಓಣಿ ಚೊಕ್ಕಟವಾಗಿದೆ ಎಂದು ಬರೆದುಬಿಡುತ್ತಾರೆ. ನಮಗೆ ಇದೆಲ್ಲ ಆಗಿಹೋದದ್ದು: ಆ ಒಂದು ಮಾತು ತೋರಿಸಿಯೇ ಮೂರು ತಲೆಮಾರು ದಿಬ್ಬವನ್ನು ಯಾರೂ ಎತ್ತಲಿಲ್ಲ. ನಿನ್ನ ಶಂಕ್ರಮ್ಮನ ಅಂಗೈಯಲ್ಲಿ ಎದ್ದ ವಿಷದ ಗಂಟುಗಳನ್ನು ನೀನು ಆಟವಾಡಿ ಬಿದ್ದ ದಡ್ಡು ಎಂದುಕೊಂಡೆ. ಅವಳು ಮೈನೆರೆಯುವ ಮೊದಲೇ ಹೋದಳು. ಅಂಬಮ್ಮ ಮತ್ತೆ ಯಾವ ಪಂಚಮಿಗೂ ತವರಿಗೆ ಬರಲಿಲ್ಲ.

ಹೆದರಿದ ನಿನ್ನನ್ನು ನಾನು ಬೈಯುವುದಿಲ್ಲ. ಯಾಕೆ ಬೇಕೆಂದು ಹೇಳುವ ಸೌಜನ್ಯವಿಲ್ಲದೆ ಲಕೋಟೆ ಚಾಚಿದವರನ್ನು ಬೈಯುತ್ತೇನೆ. ಯಾರ ಉಗುರೆಂದು ಕೇಳದೆ ಹೋದವರನ್ನು ಬೈಯುತ್ತೇನೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಉಗುರು ಯಾಕೆಂದು ಕೇಳು, ಅಜ್ಜಿ. ಉತ್ತರ ಬರುವವರೆಗೂ ಬಿಡಬೇಡ.

ಆಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳದೇ ಉಗುರು ಕತ್ತರಿಸಿ ಕೊಡು. ವಿಷ ಗೊತ್ತಾಗಿ ಓಣಿ ಖಾಲಿಯಾದರೆ ಆಗಲಿ. ವಂಶ ಬೇರೆ ದಾರಿ ಹಿಡಿದು ನಾನು ಹುಟ್ಟದಿದ್ದರೂ ಚಿಂತೆಯಿಲ್ಲ. ಕಿರುಬೆರಳಿಗೆ ಬಂದಾಗ ಅವಳು ನಕ್ಕು ಕೈ ಎಳೆದುಕೊಳ್ಳುತ್ತಿದ್ದಳಂತೆ.

ಬಿಡಬೇಡ.