ಭಾವನಿಗೆ ಸಿಗದ ಕೆಲಸ

ಮಾರ್ಚ್ ೧೨, ಮಂಗಳವಾರ

ನನ್ನ ಪೈಲಟ್ ಕೆಲಸಕ್ಕೆ ಕಲ್ಲು ಹಾಕಿದ್ದು ಸ್ವತಃ ಪೈಲಟ್ ಆಗಿರೋ ಭಾವನೇ. ಊಟಕ್ಕೆ ಕೂತಾಗ ಅವರೇ ನಗುತ್ತಾ ಹೇಳಿದರು: "ಇವಳನ್ನ ತಗೋಬೇಡಿ, ಮದುವೆಯಾಗಿ ಹೋಗಿಬಿಡ್ತಾಳೆ ಅಂತ ನಮ್ಮ ಏರ್‌ಲೈನ್‌ನವರಿಗೆ ನಾನೇ ಹೇಳ್ದೆ. ನಿನ್ನ ಒಳ್ಳೇದಕ್ಕೇ ಕಣಮ್ಮಾ." ಅಪ್ಪನೂ ನಕ್ಕರು. ಮೈಯೆಲ್ಲಾ ಉರಿದುಹೋಯ್ತು.

ಪಾತ್ರೆ ತೊಳೆಯುವಾಗ ಅಕ್ಕ ನಲ್ಲಿ ಜೋರಾಗಿ ಬಿಟ್ಟು ಕಿವಿಯಲ್ಲಿ ಹೇಳಿದಳು: "ವಿದೇಶದ ಒಂದು ದೊಡ್ಡ ಏರ್‌ಲೈನ್‌ನ ಪೈಲಟ್ ಪರೀಕ್ಷೇಲಿ ನಿಮ್ಮ ಭಾವ ಎರಡು ಸಲ ಫೇಲಾಗಿದ್ದಾರೆ. ಯಾರಿಗೂ ಗೊತ್ತಿಲ್ಲ. ನೀನು ಅಲ್ಲಿಗೇ ಹೋಗು."

ಹೋಗ್ತೀನಿ. ಮೊದಲು ಸಣ್ಣ ಸರಕು ವಿಮಾನ ಓಡಿಸಿ ಹಾರಾಟದ ಗಂಟೆ ಕೂಡಿಸ್ತೀನಿ, ಆಮೇಲೆ ಅಲ್ಲಿನ ಲೈಸೆನ್ಸ್, ಆಮೇಲೆ ಅದೇ ಪರೀಕ್ಷೆ. ಅಕ್ಕನ ಗುಟ್ಟು ಬಿಟ್ಟುಕೊಡಲ್ಲ. ಪಾಸಾದ ದಿನ ಮೊದಲ ಫೋನ್ ಭಾವನಿಗೇ. "ತುಂಬಾ ಸುಲಭ ಇತ್ತು ಭಾವಾ, ನೀವೂ ಒಂದ್ಸಲ ಬರೆದು ನೋಡಿ" ಅಂತೀನಿ, ಸಕ್ಕರೆಯಂಥಾ ದನಿಯಲ್ಲಿ. ಆಗ ಆ ಕಡೆ ಅವರ ಮುಖ...